ಎಂಟು ಇಲಿ, ಒಂದು ಗೂಡು

ಹೊಸದಾಗಿ ಹೆರೆದ ಮರದ ವಾಸನೆ ಅಂದರೆ ಅವಳಿಗೆ ಅಪ್ಪ. ಬಡಗಿಯಪ್ಪನ ಕಾಲಬುಡದಲ್ಲಿ ಉದುರಿದ ಮರದ ಸುರುಳಿಗಳನ್ನು ಜಡೆಗೆ ಸಿಕ್ಕಿಸಿಕೊಂಡು ಬೆಳೆದವಳು. ಈಗ ಸಂಶೋಧಕಿಯಾಗಿ ಸಂಸ್ಥೆಯ ಇಲಿಮನೆಯ ಬಾಗಿಲು ತೆಗೆದಾಗಲೂ ಅದೇ ವಾಸನೆ. ಗೂಡುಗಳಿಗೆ ಹಾಸುವುದೂ ಮರದ ಹೊಟ್ಟನ್ನೇ.

ಇಲಿಮನೆ ನೋಡಿಕೊಳ್ಳುವವನನ್ನು ಎಲ್ಲರೂ ಗ್ಲೌಸ್ ಮೇಷ್ಟ್ರು ಎನ್ನುತ್ತಿದ್ದರು. ಗ್ಲೌಸ್ ಇಲ್ಲದೆ ಬಂದರೆ ಡೈರೆಕ್ಟರನ್ನೂ ಹೊರಗೆ ಕಳಿಸುವ ಆಸಾಮಿ. ಅವಳ ಗ್ಲೌಸ್ ಜಾರಿದ್ದರೆ ಮಾತ್ರ ಬೈಯುತ್ತಿರಲಿಲ್ಲ. ಅವಳ ಕಣ್ಣನ್ನೇ ನೋಡುತ್ತ ತನ್ನದನ್ನು ಮೇಲೆಳೆದುಕೊಳ್ಳುತ್ತಿದ್ದ. ಆ ನೋಟಕ್ಕಾಗಿಯೇ ಅವಳು ಆಗಾಗ ಜಾರಿಸಿಕೊಂಡು ಬರುತ್ತಿದ್ದಳು.

ಒಂದೂ ಸೂಕ್ಷ್ಮಜೀವಿಯಿಲ್ಲದೆ ಬೆಳೆಸಿದ ಇಲಿಗಳಿಗೆ ಮನುಷ್ಯರ ಕರುಳಿನ ಸೂಕ್ಷ್ಮಜೀವಿಗಳನ್ನು ಕೊಟ್ಟು ನೋಡುವುದು ಅವಳ ಕೆಲಸ. ಆರೋಗ್ಯವಂತರದನ್ನು ಪಡೆದ ಎಂಟು ಮೈತುಂಬಿಕೊಂಡಿದ್ದವು. ಹೊಟ್ಟೆನೋವಿನವರದನ್ನು ಪಡೆದ ಎಂಟು ಸೊರಗಿದ್ದವು. ಶುಕ್ರವಾರದ ಸಭೆಯಲ್ಲಿ ಇದನ್ನು ಹೇಳಿದರೆ ಅವಳಿಗೆ ಸ್ವಂತ ಲ್ಯಾಬ್ ಸಿಗುವುದು ಖಚಿತವಾಗಿತ್ತು.

ಈ ಪ್ರಯೋಗ ನಡೆದಾಗ ಮೇಷ್ಟ್ರು ತಾಯಿಯ ಆಪರೇಷನ್ನಿಗೆಂದು ರಜೆಯಲ್ಲಿದ್ದ. ಗುರುವಾರ ಬಂದವನೇ ಗೂಡಿನ ಚೀಟಿ ಓದಿ ನಿಂತುಬಿಟ್ಟ.

"ಒಂದೊಂದು ಗುಂಪಿನ ಎಂಟನ್ನೂ ಒಂದೇ ಗೂಡಲ್ಲಿ ಇಟ್ಟಿದ್ರಾ ಮೇಡಂ?"

"ಜಾಗ ಉಳೀತು. ಏನೀಗ?"

"ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತೆ. ಜೊತೇಲಿದ್ರೆ ಎಲ್ಲದರ ಹೊಟ್ಟೇನೂ ಒಂದೇ ತರ ಆಗ್ಬಿಡುತ್ತೆ. ಇದು ಎಂಟು ಇಲಿ ಅಲ್ಲ, ಒಂದೇ ಇಲಿ ಲೆಕ್ಕ."

ಅವಳಿಗೆ ಗೊತ್ತಿಲ್ಲದ್ದೇನಲ್ಲ, ಅವಸರದಲ್ಲಿ ಮರೆತಿದ್ದಳು. ಅದಕ್ಕೇ ಸಿಟ್ಟು ನೆತ್ತಿಗೇರಿತು. ಗೂಡು ತೊಳೆಯುವುದು ನಿಮ್ಮ ಕೆಲಸ, ಎಣಿಸುವುದು ನನ್ನದು ಎಂದುಬಿಟ್ಟಳು. ಅವಳ ಗ್ಲೌಸ್ ಜಾರಿತ್ತು. ಆ ದಿನ ಅವನು ತನ್ನದನ್ನು ಮೇಲೆಳೆದುಕೊಳ್ಳಲಿಲ್ಲ.

ಮನೆಯಲ್ಲಿ ಅಪ್ಪನಿಗೆ ಎಲ್ಲ ಹೇಳಿದಳು. ಹಿಂದೊಮ್ಮೆ ಗಿರಾಕಿ ಮೆಚ್ಚಿ ಒಪ್ಪಿಕೊಂಡಿದ್ದ ಬೀರುವನ್ನೇ ಕೂದಲೆಳೆಯಷ್ಟು ಓರೆಯಿದೆಯೆಂದು ಬಿಚ್ಚಿಹಾಕಿದ್ದ ಮನುಷ್ಯ ಅದು. ಮೇಜಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತ, "ನಿನ್ನ ಕಣ್ಣಿಗೆ ಕಂಡ್ಮೇಲೆ ಅದು ಓರೇನೇ ಪುಟ್ಟೀ" ಎಂದ, ಅಷ್ಟೇ.

ಶುಕ್ರವಾರ ಅವಳು ಎದ್ದುನಿಂತು, ನನ್ನ ಫಲಿತಾಂಶ ನಿಲ್ಲುವುದಿಲ್ಲ ಎಂದು ಹೇಳಿ ಕಾರಣವನ್ನೂ ಬಿಡಿಸಿಟ್ಟಳು. ಹಿರಿಯ ವಿಜ್ಞಾನಿಯೊಬ್ಬರು, ಇಲಿಯ ಕಾಲ ಮುಗಿಯಿತು, ಈಗ ಎಲ್ಲರೂ ಹಂದಿಮರಿ, ಪುಟ್ಟ ಮೀನು ಅಂತ ಹೊರಟಿದ್ದಾರೆ ಎಂದು ಮೂಗು ಮುರಿದರು. ಪ್ರಾಣಿ ಯಾವುದಾದರೇನು ಸಾರ್, ಗೂಡು ಎಣಿಸದಿದ್ದರೆ ಅದರಿಂದಲೂ ಸುಳ್ಳನ್ನೇ ಹೇಳಿಸುತ್ತೇವೆ ಎಂದಳು. ಸ್ವಂತ ಲ್ಯಾಬಿನ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ತಪ್ಪು ಹಿಡಿದವರು ಯಾರೆಂದು ಡೈರೆಕ್ಟರ್ ಕೇಳಿದಾಗ ಅವಳು ಹಿಂಬಾಗಿಲ ಕಡೆ ಕೈ ತೋರಿದಳು. ಅಲ್ಲಿ ಇಲಿಮನೆಯ ಕೆಲಸಗಾರರ ನಡುವೆ ಅವನು ನಿಂತಿದ್ದ.

"ನಮ್ಮ ಮೇಷ್ಟ್ರು. ಮುಂದೆ ಪೇಪರ್ ಬರೆದಾಗ ಅವರ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇರುತ್ತೆ."

ಅಷ್ಟು ತಲೆಗಳು ತಿರುಗಿದರೂ ಅವನು ನೋಡಿದ್ದು ಅವಳೊಬ್ಬಳನ್ನೇ.

ಮಧ್ಯಾಹ್ನ ಇಲಿಮನೆಗೆ ಹೋದಳು. ಇಲಿಗೊಂದರಂತೆ ಹದಿನಾರು ಪುಟ್ಟ ಗೂಡುಗಳು ತೊಳೆದು, ಹೊಟ್ಟು ಹಾಸಿ ಸಾಲಾಗಿ ಸಿದ್ಧವಾಗಿದ್ದವು.

"ನಿನ್ನೆ ನಾನು ಹಾಗೆ ಮಾತಾಡಬಾರದಿತ್ತು. ಬೇಜಾರಾಯ್ತಾ?"

"ಆಗಿತ್ತು. ಆದ್ರೆ ಇವತ್ತು ನೀವು ಮಾತಾಡ್ತಿದ್ದಾಗ, ಪಕ್ಕದಲ್ಲಿದ್ದೋರಿಗೆಲ್ಲ 'ಇವರು ನಮ್ಮವರು' ಅಂತ ಹೇಳ್ಕೊಂಡೆ." ಅವನು ನೆಲ ನೋಡಿದ. "ಹಾಗನ್ನೋ ಹಕ್ಕಿದ್ಯೋ ಇಲ್ವೋ, ಗೊತ್ತಿಲ್ಲ."

ಅವಳು ಜಾರಿದ್ದ ಗ್ಲೌಸನ್ನು ತಾನೇ ಮೇಲೆಳೆದುಕೊಂಡಳು.

"ಒಂದೇ ಗೂಡಲ್ಲಿದ್ದು ನೋಡೋಣ ಮೇಷ್ಟ್ರೇ. ನಮ್ಮ ಹೊಟ್ಟೇನೂ ಒಂದೇ ತರ ಆಗುತ್ತೇನೋ."

ಅವನ ಕಿವಿ ಕೆಂಪಾಯಿತು. ಹೊರಗಿನ ಬೆಂಚಿನವರೆಗೆ ನಡೆದ, ಗ್ಲೌಸ್ ಕಳಚಿ ಕೈ ತೊಳೆದ. ತನ್ನ ಊಟದ ಡಬ್ಬಿ ಬಿಚ್ಚಿ, ಅರ್ಧಕ್ಕಿಂತ ತುಸು ಹೆಚ್ಚೇ ಮುಚ್ಚಳಕ್ಕೆ ಹಾಕಿ, ಅವಳ ಕೈಗಿಟ್ಟ.