ಅಲೆನುಂಗಿ

ಆಳೆತ್ತರದ ಅಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಮೋಜಿನ ದೋಣಿ ನೇರಳಗೆರೆಯ ನಡುವೆ ಭೋರೆಂದು ಹಾದುಹೋಯಿತು. ಅಲೆ ದಡದತ್ತ ಮೂವತ್ತು ಮಾರು ಉರುಳಿ ಬಂದಿದ್ದೇ ತಡ, ಇದ್ದಕ್ಕಿದ್ದಂತೆ ಇಲ್ಲವಾಯಿತು. ಹರಿಗೋಲಿನಲ್ಲಿ ಕುಳಿತಿದ್ದ ಮೀನುಗಾರ್ತಿ ದ್ಯಾವೀರಮ್ಮ ಮೂಗಿನ ಮೇಲೆ ಬೆರಳಿಟ್ಟಳು.

"ಅಯ್ಯೋ ಶಿವನೇ! ಎಲ್ಲಿಗ್ ಹೋಯ್ತವ್ವ ಅದು?"

ದಡದಲ್ಲಿದ್ದ ವಿಜ್ಞಾನಿ ಡಾ. ನಳಿನಿ ಹೆಬ್ಬಾರ್ ನಕ್ಕರು. "ನಮ್ಮ ಅಲೆನುಂಗಿ ನುಂಗಿತು. ನೀರೊಳಗಿನ ಕಂಬಗಳು ಬರೋ ಅಲೆಗೆ ಸರಿಯಾಗಿ ಒಂದು ಎದುರಲೆ ಎಬ್ಬಿಸುತ್ತವೆ. ಉಬ್ಬಿಗೆ ತಗ್ಗು ಸೇರಿದರೆ ನೀರು ಸಮ!"

ಎಂಥ ತಲೆ ಅಂತೀರಿ! ಈ ದೋಣಿ ಹೊಟ್ಟೆಯ ತೊಟ್ಟಿಗಳಿಗೆ ಎರಡು ಟನ್ ನೀರು ತುಂಬಿಕೊಂಡು, ಹಿಂಭಾಗ ಮುಳುಗಿಸಿಕೊಂಡೇ ಓಡುವಂಥದ್ದು. ಅಲೆ ದೊಡ್ಡದಾದಷ್ಟೂ ಹಲಗೆಯ ಮೇಲೆ ಜಾರುವವರಿಗೆ ಖುಷಿ. ಆದರೆ ಅದೇ ಅಲೆ ದಡ ಕೊರೆದು, ಕೆಸರೆಬ್ಬಿಸಿ, ಜೊಂಡಿನೊಳಗಿನ ಕೊರಮೀನಿನ ಗೂಡುಗಳನ್ನು ಚದುರಿಸಿಬಿಡುತ್ತಿತ್ತು. ಎರಡು ವರ್ಷದಿಂದ ದ್ಯಾವೀರಮ್ಮನ ಬಲೆಗೆ ಒಂದೂ ಬಿದ್ದಿರಲಿಲ್ಲ. ಅಲೆನುಂಗಿ ಬಂದ ಆ ಮಳೆಗಾಲದಲ್ಲಿ ಮರಿಗಳ ಕೆಂಪು ಗುಂಪು ಮತ್ತೆ ಕಂಡಾಗ ಅವಳ ಕಣ್ಣು ತುಂಬಿ ಬಂತು.

ಮಳೆಗಾಲ ಕಳೆದ ಮೇಲೆ ಅವಳೇ ಪ್ರಯೋಗಾಲಯದ ಬಾಗಿಲಿಗೆ ಬಂದಳು.

"ಮೀನು ಐತೆ ಕಣವ್ವ, ನಂಗೆ ಕಾಣಾಕಿಲ್ಲ."

ಕೊರಮೀನು ಆಗಾಗ ಮೇಲೆ ಬಂದು ಗಾಳಿ ಕುಡಿಯುತ್ತದೆ, ಬಂದಲ್ಲಿ ನೀರು ಉಂಗುರವಾಗುತ್ತದೆ. ಆ ಉಂಗುರ ನೋಡಿಯೇ ಅವಳ ಮನೆಯವರು ಬಲೆ ಬೀಸುತ್ತಿದ್ದುದು. ಯಂತ್ರಕ್ಕೆ ದೋಣಿಯ ಅಲೆಯೂ ಒಂದೇ, ಮೀನಿನ ಉಸಿರೂ ಒಂದೇ, ಉಂಗುರವನ್ನೂ ನುಂಗಿಬಿಡುತ್ತಿತ್ತು! ಅಲೆಯ ತೊಂದರೆ ಇನ್ನಿಲ್ಲವೆಂದು ಒಂದಿದ್ದ ಮೋಜಿನ ದೋಣಿ ಹನ್ನೊಂದಾಗಿದ್ದರಿಂದ ಯಂತ್ರ ಹಗಲಿಡೀ ನಿಲ್ಲುತ್ತಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಳಿನಿ ಯಂತ್ರ ನಿಲ್ಲಿಸಿ ಹರಿಗೋಲು ಹತ್ತಿದರು. ಯಂತ್ರ ನಿಂತರೆ ಮೋಜಿನ ದೋಣಿ ಇಳಿಸುವಂತಿಲ್ಲ ಎಂಬುದು ಕೆರೆಯ ಕಾನೂನು. ಬಹಳ ಹೊತ್ತು ಕಾದರು. ಅಗೋ, ಒಂದು ಉಂಗುರ! ಸ್ವಲ್ಪ ಹೊತ್ತಿಗೆ ಅಲ್ಲೇ ಇನ್ನೊಂದು!

"ಎರಡ್ ಕೇಜಿ ತೂಗ್ತದೆ," ಎಂದಳು ದ್ಯಾವೀರಮ್ಮ, ಬಲೆ ಮುಟ್ಟದೆ.

"ಹಾಕಲ್ವಾ?"

"ಒಂದೇ ತಾವಿನಾಗೆ ಏಳ್ತಾವ್ಳೆ ನೋಡಿ. ಮರಿ ಕಾಯ್ತಾವ್ಳೆ, ಪಾಪ."

ನಳಿನಿ ಬೆರಗಾಗಿ ಅವಳನ್ನೇ ನೋಡಿದರು. "ಹದಿನೆಂಟು ವರ್ಷದಿಂದ ಅಲೆ ಅಳೀತಿದ್ದೀನಿ. ಇದು ನಂಗೆ ಗೊತ್ತೇ ಇರಲಿಲ್ಲವಲ್ಲ!"

ಮರುವಾರ ದೋಣಿಕಟ್ಟೆಯಲ್ಲಿ ನಳಿನಿಯವರ ಸಹಿಯಿದ್ದ ಫಲಕ ತೂಗಿತು: 'ಅಲೆನುಂಗಿ ಕೆಟ್ಟಿದೆ. ರಿಪೇರಿ ನಡೆಯುತ್ತಿದೆ.' ದ್ಯಾವೀರಮ್ಮನಿಗೆ ಗಾಬರಿಯಾಯಿತು.

"ಅಷ್ಟ್ ಒಳ್ಳೆ ಯಂತ್ರಕ್ಕೆ ಏನಾಯ್ತವ್ವ?"

"ಏನೂ ಆಗಿಲ್ಲ," ನಳಿನಿ ಪಿಸುಗುಟ್ಟಿದರು. "ಇನ್ನು ದಿನಾ ಮಧ್ಯಾಹ್ನದವರೆಗೆ ಹೀಗೇ ಕೆಟ್ಟಿರುತ್ತೆ. ನೀವು ಬಲೆ ತಗೊಳ್ಳಿ."