ಮೋಟು ಹಗ್ಗದ ದೋಣಿ

ದೋಣಿ ನೇಣಿಗೆ ಬಿದ್ದ ಪ್ರಾಣಿಯಂತೆ ತೂಗುತ್ತಿತ್ತು. ಮೂತಿ ಮೇಲಕ್ಕೆ, ಹಿಂಭಾಗ ಮಾತ್ರ ನೀರಿನಲ್ಲಿ. ಮೆಟ್ಟಿಲಿನ ಕಬ್ಬಿಣದ ಬಳೆಗೆ ಬಿಗಿದಿದ್ದ ಹಗ್ಗ ಕಿರುಗುಟ್ಟುತ್ತಿತ್ತು. ಪಕ್ಕದ ದೋಣಿಗಳೆಲ್ಲ ನೀರಿನ ಮೇಲೆ ಆರಾಮಾಗಿ ತೇಲುತ್ತಿದ್ದವು.

ಅದನ್ನು ಮೊದಲು ಕಂಡವನು ಬೆಂಕಿಪೊಟ್ಣ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದ ಈ ಹುಡುಗನಿಗೆ ಸೋದರತ್ತೆಯೇ ಇಟ್ಟ ಹೆಸರು ಅದು. ಗೀರಿದರೆ ಸಾಕು, ಹೊತ್ತಿಕೊಳ್ಳುತ್ತಿದ್ದ. ಅತ್ತೆ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವಳು. ಪೊಲೀಸರು ಕೈಚೆಲ್ಲಿದ ಆರು ಸಾವುಗಳ ಸಿಕ್ಕು ಬಿಡಿಸಿದ್ದಳು. ಆರರಲ್ಲೂ ಅವಳ ಚೀಲ ಹೊತ್ತವನು ಇವನೇ. ಈ ಸಲ ಬರೀ ರಜೆ ಎಂದು ಶನಿವಾರ ಇಬ್ಬರೂ ಈ ಹಳೇ ಊರಿಗೆ ಬಂದು, ಕೆರೆ ದಂಡೆಯ ಅತಿಥಿಗೃಹದಲ್ಲಿ ಇಳಿದಿದ್ದರು.

ಗಂಟು ಬಿಚ್ಚಲು ಹೋದರೆ ಕಲ್ಲಿನಂತೆ ಗಟ್ಟಿ. ಎರಡು ಉಗುರು ಮುರಿದವು. ಸಿಟ್ಟು ನೆತ್ತಿಗೇರಿ ಚಾಕು ತೆಗೆದು ಹಗ್ಗ ಕೊಯ್ದ. ದೋಣಿ ದಪ್ಪೆಂದು ನೀರಿಗೆ ಬಿತ್ತು, ಟಾರ್ಪಾಲು ಸರಿಯಿತು, ಕೆಳಗಿನಿಂದ ಒಂದು ಕೈ ಜಾರಿ ಹೊರಬಂತು.

ಅದೇ ಅತಿಥಿಗೃಹದಲ್ಲಿ ಇಳಿದಿದ್ದ ಮ್ಯೂಸಿಯಂ ಸಾಹೇಬರ ಕೈ. ಹಿಂದಿನ ಸಂಜೆಯಷ್ಟೇ ಊಟದ ಮೇಜಿನಲ್ಲಿ, "ನಸುಕಿನಲ್ಲೇ ದ್ವೀಪಕ್ಕೆ ಹೋಗಿ ಕಲ್ಲಿನ ರಾಣಿ ವಿಗ್ರಹ ಅಳೀತೀನಿ" ಎಂದಿದ್ದವರು. ಪಕ್ಕದಲ್ಲಿ ರಕ್ತ ಮೆತ್ತಿದ ಹುಟ್ಟು ಬಿದ್ದಿತ್ತು.

ಇನ್ಸ್‌ಪೆಕ್ಟರ್ ಬಂದವನೇ ದ್ವೀಪಕ್ಕೆ ದೋಣಿ ನಡೆಸುವ ತಾತನ ಕೊರಳಪಟ್ಟಿ ಹಿಡಿದ. ದೋಣಿ ಅವನದು, ಬಳೆಯೂ ಅವನದೇ. ಅಲ್ಲದೆ ದ್ವೀಪಕ್ಕೆ ದೋಣಿ ಓಡಾಟ ನಿಲ್ಲಿಸುತ್ತೇನೆಂದ ಸಾಹೇಬರಿಗೆ, "ದೋಣಿ ನಿಂತ್ರೆ ನಿಮ್ಮುಸಿರೂ ನಿಲ್ಲುತ್ತೆ" ಎಂದು ಅವನು ಎಲ್ಲರೆದುರು ಕೂಗಿದ್ದ.

"ನಾನಲ್ಲ ಸ್ವಾಮಿ! ನಲವತ್ತು ವರ್ಷದಿಂದ..."

ಮಾತು ಮುಗಿಯುವ ಮೊದಲೇ ಕೆನ್ನೆಗೆ ಏಟು ಬಿತ್ತು.

"ಕೇಳೋ ಮುಂಚೆ ಹೊಡಿಯೋದು ಯಾವ ಕಾನೂನು?" ಬೆಂಕಿಪೊಟ್ಣ ಮುನ್ನುಗ್ಗಿದ. ಅತ್ತೆ ಅವನ ಅಂಗಿ ಹಿಡಿದೆಳೆದಳು.

"ಇನ್ಸ್‌ಪೆಕ್ಟ್ರೇ, ತಾತನ್ನ ಆಮೇಲೆ ಕರ್ಕೊಂಡು ಹೋಗಿ. ಮಧ್ಯಾಹ್ನದವರೆಗೂ ಇಲ್ಲೇ ಕೂರಿಸಿ. ಅವನೇನು ಓಡ್ತಾನಾ, ನಡೆಯೋಕೇ ಆಗಲ್ಲ."

ಅವಳ ಹೆಸರು ಕೇಳಿಬಲ್ಲ ಇನ್ಸ್‌ಪೆಕ್ಟರ್ ಗೊಣಗುತ್ತ ಒಪ್ಪಿದ. "ಹನ್ನೆರಡು ಗಂಟೆ. ಆಮೇಲೆ ಒಂದು ನಿಮಿಷಾನೂ ಇಲ್ಲ."

ಅತ್ತೆ ಕೊಯ್ದ ಹಗ್ಗದ ತುಂಡನ್ನು ಮೂಸಿ, ಉಗುರಿನಿಂದ ಕೆರೆದು, ಸೆರಗಿನಲ್ಲಿ ಕಟ್ಟಿಕೊಂಡಳು. ಒಳಗೆ ಬಂದು ಮೆಲ್ಲಗೆ ಹೇಳಿದಳು: "ಕೊಂದವರು ಈ ಮನೇಲೇ ಇದಾರೆ ಕಣೋ. ಯಾರ ಜೊತೇನೂ ಒಂಟಿಯಾಗಿ ಇರ್ಬೇಡ."

ಮನೆಯಲ್ಲಿ ಇನ್ನಿದ್ದವರು ಒಡತಿ, ಅವಳ ನಾದಿನಿ, ಮತ್ತೆ ಅರಮನೆಯ ಒಡೆದ ವಿಗ್ರಹಗಳನ್ನು ರಿಪೇರಿ ಮಾಡಲು ಬಂದ ಶಿಲ್ಪಿ. ಶಿಲ್ಪಿ ಬಂದದ್ದು ಇವರದೇ ಬಸ್ಸಿನಲ್ಲಿ. ದಾರಿಯುದ್ದಕ್ಕೂ ಕಡಲೆಕಾಯಿ ಸುಲಿದು ಕೊಟ್ಟಿದ್ದ. ಒಡತಿ ಬೆಳಿಗ್ಗೆ ಬಿಸಿ ಬಿಸಿ ಹಾಲು ತಂದುಕೊಟ್ಟಿದ್ದಳು. ಈಗ ಬೆಂಕಿಪೊಟ್ಣನಿಗೆ ಯಾರ ಮುಖ ನೋಡಿದರೂ ಅನುಮಾನ.

ಹಿತ್ತಲಿನ ತೊಟ್ಟಿಯ ಬಳಿ ಕೈ ತೊಳೆಯಲು ಹೋದ. ನಲ್ಲಿ ಕೆಮ್ಮಿ ಕೆಸರು ಕಾರಿತು.

"ಮಂಗಳವಾರ ಅಲ್ವೇನಪ್ಪ," ಒಡತಿ ಅಡುಗೆಮನೆಯಿಂದಲೇ ಕೂಗಿದಳು. "ವಾರಕ್ಕೊಂದು ಸಲ ಕಾಲುವೆ ತೊಳೆಯೋಕೆ ಬೆಳಿಗ್ಗೆ ಆರಕ್ಕೆ ತೂಬು ಎತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕೆರೆ ಆರು ಮೆಟ್ಟಿಲು ಇಳಿಯುತ್ತೆ. ಊರಿಗೇ ರೂಢಿ ಆಗ್ಬಿಟ್ಟಿದೆ."

ಅವನು ತಿರುಗಿದರೆ ಹಿಂದೆಯೇ ಶಿಲ್ಪಿ. ಹೆಜ್ಜೆ ಸದ್ದೇ ಕೇಳಿರಲಿಲ್ಲ. ಕೈಯಲ್ಲಿ ಟವೆಲ್ಲು.

"ಉಗುರಲ್ಲಿ ಬೆಳ್ಳಗೆ ಏನೋ ಕೂತಿದೆ. ತೊಳ್ಕೋ ತಮ್ಮಾ. ಹೆಣ ಮುಟ್ಟಿದ ಕೈ."

"ನೀರಿಲ್ವಲ್ಲ ಸಾರ್."

"ಕೆರೆಗೆ ಹೋಗೋಣ ಬಾ. ನಾನೂ ಬರ್ತೀನಿ." ಶಿಲ್ಪಿಯ ಕೈ ಅವನ ಹೆಗಲ ಮೇಲೆ ಕೂತಿತು. ಒಣಗಿದ, ಭಾರವಾದ ಕೈ.

"ಲೋ ಬೆಂಕಿಪೊಟ್ಣ! ನನ್ನ ಕನ್ನಡಕ ಎಲ್ಲಿಟ್ಟೆ?" ಅತ್ತೆಯ ಕೂಗು ಜಗಲಿಯಿಂದ ಬಂತು. ಕನ್ನಡಕ ಅವಳ ಮೂಗಿನ ಮೇಲೇ ಇತ್ತೆಂದು ಅವನಿಗೆ ತಿಳಿದದ್ದು ಆಮೇಲೆ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅತ್ತೆ ಎಲ್ಲರನ್ನೂ ಮೆಟ್ಟಿಲ ಬಳಿ ಸೇರಿಸಿದಳು.

"ಒಳಗೆ ಕೂತು ಮಾತಾಡಬಹುದಲ್ಲ, ಬಿಸಿಲು," ಎಂದ ಶಿಲ್ಪಿ.

"ನನಗೆ ಬಿಸಿಲು ಒಳ್ಳೇದು, ಮಂಡಿನೋವು." ಅತ್ತೆ ತಾತನ ಪಕ್ಕದಲ್ಲೇ ಕೂತಳು. "ತಾತ, ಸೋಮವಾರ ಸಂಜೆ ದೋಣಿ ಹೇಗೆ ಕಟ್ತೀಯ?"

"ಎರಡು ಮಾರು ಹಗ್ಗ ಸಡಿಲ ಬಿಟ್ಟು ಕಟ್ತೀನಿ ತಾಯಿ. ಇಲ್ದಿದ್ರೆ ಮಂಗಳವಾರ ನೀರಿಳಿದಾಗ ದೋಣಿ ನೇತಾಡುತ್ತೆ."

"ಇವತ್ತು ನೇತಾಡ್ತಿತ್ತು. ನಲವತ್ತು ವರ್ಷ ಮಾಡಿದ ಕೈ ಈ ತಪ್ಪು ಮಾಡಲ್ಲ ಇನ್ಸ್‌ಪೆಕ್ಟ್ರೇ. ಒಡತಿ, ಅವಳ ನಾದಿನಿ ಹುಟ್ಟಿದ್ದೇ ಈ ದಂಡೇಲಿ. ಇಲ್ಲಿ ಒಂದು ಮಂಗಳವಾರಾನೂ ನೋಡದೆ ಇರೋರು ಮೂರೇ ಜನ. ನಾನು, ನನ್ನ ಅಳಿಯ, ಮತ್ತೆ ನೀವು ಶಿಲ್ಪಿಗಳೇ."

ಶಿಲ್ಪಿ ನಕ್ಕ. "ಹಾಗಾದ್ರೆ ನಿಮ್ಮ ಅಳಿಯನೇ ಯಾಕಾಗಬಾರದು? ಸಿಟ್ಟಿನ ಹುಡುಗ, ಕೈಯಲ್ಲಿ ಚಾಕು ಬೇರೆ."

ಇನ್ಸ್‌ಪೆಕ್ಟರ್ ಬೆಂಕಿಪೊಟ್ಣನತ್ತ ತಿರುಗಿದ್ದ. ಏಟಿಗೆ ಕೆನ್ನೆ ಊದಿ ಕೂತಿದ್ದ ತಾತನಲ್ಲಿ ಅವನಿಗೆ ತನ್ನದೇ ಮುಖ ಕಂಡಿತು.

"ಕೈ ತೋರ್ಸೋ," ಎಂದಳು ಅತ್ತೆ. "ಉಗುರಲ್ಲಿರೋದು ಗಂಟಿನಿಂದ ಬಂದದ್ದು. ಆಸ್ಪತ್ರೇಲಿ ಮುರಿದ ಕಾಲಿಗೆ ಮೂವತ್ತು ವರ್ಷ ಇದನ್ನೇ ಮೆತ್ತಿದೀನಿ. ಪ್ಲಾಸ್ಟರ್ ಆಫ್ ಪ್ಯಾರಿಸ್, ಪಿಓಪಿ. ಒದ್ದೆ ಹಗ್ಗಕ್ಕೆ ಪುಡಿಗೈ ತಾಗಿ, ಗಂಟೊಳಗೇ ಕಚ್ಚಿಕೊಂಡಿತ್ತು. ನನ್ನಳಿಯ ಗ್ಯಾರೇಜಿನೋನು, ಅವನ ಕೈಲಿದ್ರೆ ಗ್ರೀಸು ಇರ್ಬೇಕಿತ್ತು. ಈ ಪುಡಿ ಹಿಡಿದು ಕೆಲಸ ಮಾಡೋರು ಈ ಮನೇಲಿ ಒಬ್ರೇ. ನೀವೇ ಅಲ್ವೆ ಉಗುರು ತೊಳ್ಕೋ ಅಂತ ಇವನ ಬೆನ್ನುಬಿದ್ದದ್ದು?"

"ಸಾಹೇಬರನ್ನ ನಾನ್ಯಾಕೆ ಕೊಲ್ಲಲಿ? ಕಾರಣ ಹೇಳಿ ನೋಡೋಣ!"

"ಅದು ನನಗೂ ಗೊತ್ತಿಲ್ಲ," ಎಂದಳು ಅತ್ತೆ ನಿರಾಳವಾಗಿ. "ಆದ್ರೆ ಇಲ್ಲಿ ಕೂತಾಗಿಂದ ಎಲ್ರೂ ನನ್ನ ಮುಖ ನೋಡ್ತಿದಾರೆ. ನೀವು ಮಾತ್ರ ದೋಣಿ ಕಟ್ಟಿದ್ದ ಜಾಗದ ನೀರನ್ನೇ ನೋಡ್ತಿದೀರಿ. ಕಾಯೋಣ. ಇನ್ನೊಂದು ಮೆಟ್ಟಿಲು ಇಳೀಲಿ."

ಪಾಚಿಗಟ್ಟಿದ ಕಲ್ಲಿನಿಂದ ನೀರು ಬೆರಳಷ್ಟು ಬೆರಳಷ್ಟೇ ಜಾರಿತು. ಮೊದಲು ಕಂಡದ್ದು ದುಂಡಗಿನ ಕಪ್ಪು ಕಲ್ಲು. ಆಮೇಲೆ ಹಣೆ. ಆಮೇಲೆ ತೆರೆದ ಎರಡು ಕಣ್ಣು. ಒಡತಿ ಚೀರಿದಳು. ನೀರಿನಿಂದ ಕಲ್ಲಿನ ರಾಣಿಯ ತಲೆ ನೇರ ಶಿಲ್ಪಿಯನ್ನೇ ನೋಡುತ್ತಿತ್ತು.

ಅವನು ಎರಡು ಹೆಜ್ಜೆ ಓಡಿದ. ಪಾಚಿಯ ಮೇಲೆ ಕಾಲು ಜಾರಿ, ಇನ್ಸ್‌ಪೆಕ್ಟರನ ಕೈಗೇ ಸಿಕ್ಕಿಬಿದ್ದ.

ಉಳಿದದ್ದನ್ನು ಅವನೇ ಕಕ್ಕಿದ. ವಿಗ್ರಹದ ತಲೆ ಕತ್ತರಿಸಿ, ಅಲ್ಲಿ ಪಿಓಪಿ ತಲೆ ಕೂರಿಸಿದ್ದ. ನಸುಕಿನಲ್ಲೇ ತಾತನ ದೋಣಿ ಬಿಚ್ಚಿಕೊಂಡು ಇಬ್ಬರೂ ದ್ವೀಪಕ್ಕೆ ಹೋದಾಗ, ಅಳೆಯಲು ಸಾಹೇಬರು ಬೆರಳಿಟ್ಟೊಡನೆ ಮೋಸ ತಿಳಿಯಿತು. ತೂಬು ಎತ್ತುವ ಮೊದಲೇ, ಹಿಂದಿರುಗುವಾಗ ದೋಣಿಯಲ್ಲೇ ಹುಟ್ಟಿನ ಏಟು. ತಪ್ಪು ತಾತನ ತಲೆಗೆ ಬರಲೆಂದು ಅವನ ಬಳೆಗೇ ಕಟ್ಟಿದ. ಪೊಲೀಸರು ಹುಡುಕಿಯಾರೆಂದು, ಕೋಣೆಯಲ್ಲಿ ಅಡಗಿಸಿದ್ದ ಕಲ್ಲಿನ ತಲೆಯನ್ನು ತಂದು ಸೊಂಟದಾಳದ ನೀರಿಗೆ ಇಳಿಸಿ, ಆ ಜಾಗದ ಮೇಲಿಂದ ದೋಣಿ ಕದಲದಂತೆ ಹಗ್ಗ ಮೋಟಾಗಿ ಬಿಗಿದ. ನೀರೇ ಎದ್ದು ಹೋಗುತ್ತದೆಂದು ಅವನಿಗೆ ಯಾರು ಹೇಳಬೇಕಿತ್ತು?

"ತಾತನ ಹತ್ರ ಕ್ಷಮೆ ಕೇಳಿ," ಎಂದ ಬೆಂಕಿಪೊಟ್ಣ ಇನ್ಸ್‌ಪೆಕ್ಟರನಿಗೆ. ಅವನು ಟೊಪ್ಪಿ ಸರಿಮಾಡಿಕೊಂಡು ಬೇರೆಡೆ ನೋಡಿದ.

ಸಂಜೆ ತೂಬು ಇಳಿಸಿದರು. ನೀರು ಮತ್ತೆ ಏರತೊಡಗಿತು. ತಾತ ಹೊಸ ಹಗ್ಗ ತಂದು ಕಟ್ಟಲು ಕೂತ. ಎರಡು ಸಲ ಕಟ್ಟಿದರೂ ಗಂಟು ನಿಲ್ಲಲಿಲ್ಲ. ಬೆಂಕಿಪೊಟ್ಣ ಪಕ್ಕದಲ್ಲಿ ಕೂತು ಹಗ್ಗ ಹಿಡಿದ.

"ಎಷ್ಟು ಬಿಡ್ಲಿ ತಾತ?"

"ಎರಡು ಮಾರು." ಮುದುಕ ಊದಿದ ಕೆನ್ನೆ ಸವರಿಕೊಂಡ. "ಇವತ್ತು ಮೂರು ಬಿಡಪ್ಪ. ಭಯ ಆಗುತ್ತೆ."