ಕ್ಯಾನ್ವಾಸ್ ಟೆಂಟು ಕೊಳ್ಳುವ ಮೊದಲು

“ಬಟ್ಟೆ ಪೂರಾ ಹತ್ತಿಯದ್ದಾ, ಮಿಕ್ಸಾ?”

“ಪೂರಾ ಹತ್ತೀದ್ರಿ. ಆದ್ರ ತೂಕ ಭಾಳ, ಎತ್ತಾಕ ಇಬ್ಬರು ಬೇಕು.”

“ಕಂಬ?”

“ನಮ್ಮಲ್ಲಿರೋದು ಕಬ್ಬಿಣದ್ದು. ಸಮುದ್ರದ ಕಡೆ ಹಾಕೋದಾದ್ರ ತಗೋಬ್ಯಾಡ್ರಿ, ವರ್ಷದಾಗ ತುಕ್ಕು ಹಿಡೀತತಿ. ಅಲ್ಯೂಮಿನಿಯಂದು ಬೇರೆ ಕಡೆ ಸಿಗ್ತಾವು, ಅಡ್ರೆಸ್ ಕೊಡ್ತೀನಿ.”

ಪ್ರಣಮ್ಯಾ ಚೀಟಿಯಿಂದ ತಲೆ ಎತ್ತಿದಳು. ಇದು ಅವಳು ಹೊಕ್ಕ ನಾಲ್ಕನೆಯ ಅಂಗಡಿ. ಮೊದಲ ಮೂರರಲ್ಲಿ ಏನು ಕೇಳಿದರೂ “ಎಲ್ಲಾಮೇ ಟಾಪ್ ಕ್ವಾಲಿಟಿ ಮೇಡಂ” ಎಂದು ತಮಿಳಿನಲ್ಲಿ ಒಂದೇ ಉತ್ತರ. ಪಲ್ಲಾವರಂನ ಈ ಅಂಗಡಿಯ ಸಿದ್ಧಲಿಂಗೇಶ್ ಮಾತ್ರ ತನ್ನ ಸರಕನ್ನು ತಾನೇ ಬೇಡವೆನ್ನುತ್ತಿದ್ದ.

“ನಿಮಗೆ ಮಾರುವ ಮನಸ್ಸುಂಟಾ, ಇಲ್ವಾ ಮಾರಾಯ್ರೆ?”

ಅವನು ನಕ್ಕ. ಎಡಗೆನ್ನೆಯಲ್ಲಿ ಮಾತ್ರ ಗುಳಿ ಬಿತ್ತು. ಮುಂದೇನು ಕೇಳಬೇಕಿತ್ತೆಂಬುದೇ ಅವಳಿಗೆ ಮರೆತುಹೋಯಿತು.

ಕೋಡಂಬಾಕ್ಕಂನಲ್ಲಿ ಅವಳ ಅಣ್ಣ ಜಯಪ್ರಕಾಶನ ಹೋಟೆಲು. ಹನ್ನೊಂದು ವರ್ಷ ಅದರ ಗಲ್ಲಾದಲ್ಲಿ ಕೂತವಳಿಗೆ, ನೀಲಾಂಕರೈಯ ಸಮುದ್ರದ ಪಕ್ಕ ಟೆಂಟು ಹಾಕಿ, ನೀರುದೋಸೆಯ ಸ್ವಂತ ಅಂಗಡಿ ನಡೆಸುವ ಆಸೆ.

ಒಂದೇ ಭೇಟಿಗೆ ಮುಗಿಯಬೇಕಿತ್ತು. ಮುಂದಿನ ಶುಕ್ರವಾರ ಪಲ್ಲಾವರಂನ ವಾರದ ಸಂತೆಯ ಜನರ ನಡುವೆ ನುಗ್ಗಿಕೊಂಡು ಬಂದು, ಬೂಷ್ಟು ಹಿಡಿದರೆ ಏನು ಮಾಡಬೇಕೆಂದು ಕೇಳಿದಳು. ಅದರ ಮುಂದಿನ ಶುಕ್ರವಾರ, ಒಲೆಯನ್ನು ಟೆಂಟಿನಿಂದ ಎಷ್ಟು ದೂರ ಇಡಬೇಕೆಂದು. ಫೋನಿನಲ್ಲಿ ಕೇಳಬಹುದಾದ್ದಕ್ಕೆ ಟ್ರೈನು ಹತ್ತಿ ಯಾಕೆ ಬರುತ್ತಿದ್ದೇನೆಂದು ಅವಳಿಗೇ ತಿಳಿಯದು. ಅವನೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವಳು ಬಂದೊಡನೆ ಫ್ಯಾನನ್ನು ಅವಳ ಕಡೆ ತಿರುಗಿಸುತ್ತಿದ್ದ, ಕಣ್ಣನ್ನು ಮಾತ್ರ ಬಟ್ಟೆಯ ಮೇಲೇ ಇಡುತ್ತಿದ್ದ. ಇದು ವ್ಯಾಪಾರದ ಮರ್ಯಾದೆಯೋ, ಬೇರೇನೋ?

ನಾಲ್ಕನೆಯ ಶುಕ್ರವಾರ ಅವಳು ಮನಸ್ಸು ಗಟ್ಟಿಮಾಡಿಕೊಂಡಳು. “ಇದೇ ಕೊನೆಯ ಪ್ರಶ್ನೆ. ಮಳೆಗೆ ಸೋರ್ತದಾ?”

“ಇಲ್ರಿ,” ಎಂದ. ಅಷ್ಟು ಚಿಕ್ಕ ಉತ್ತರವನ್ನು ಅವನು ಎಂದೂ ಕೊಟ್ಟಿರಲಿಲ್ಲ.

ಮಂಗಳವಾರ ಟೆಂಟು ನೀಲಾಂಕರೈಗೆ ಬಂತು. ಭಾನುವಾರ ಅಂಗಡಿ ತೆರೆಯಬೇಕು. ಪರೀಕ್ಷೆಗೆಂದು ಅಣ್ಣ ಪೈಪು ಹಿಡಿದು ನೀರು ಬಿಟ್ಟ. ಹೊಲಿಗೆಯುದ್ದಕ್ಕೂ ಹನಿ ಮೂಡಿ, ಒಳಗೆ ನಿಂತಿದ್ದ ಪ್ರಣಮ್ಯಾಳ ತಲೆಯ ಮೇಲೆ ತೊಟತೊಟ ಬಿತ್ತು.

“ನಿನ್ನ ಪ್ರಾಮಾಣಿಕ ಮನುಷ್ಯ ಅಲ್ವಾ ಇವ!” ಎಂದ ಅಣ್ಣ. “ವಾಪಸ್ ಕೊಟ್ಟು ಬಾ. ಹೋಟೆಲಿನಲ್ಲಿ ನಿನ್ನ ಗಲ್ಲಾದ ಕುರ್ಚಿ ಖಾಲಿಯೇ ಉಂಟು.”

ಟೆಂಟು ಸೋರಿದ್ದಕ್ಕಿಂತ ಅವನು ಸುಳ್ಳಾಡಿದನೆಂಬುದು ಹೆಚ್ಚು ಚುಚ್ಚಿತು. ತುಕ್ಕಿನ ಸಂಗತಿ ತಾನಾಗಿ ಹೇಳಿದವನು ಇದನ್ನೇಕೆ ಮುಚ್ಚಿಟ್ಟ?

ಮರುದಿನ ಬೆಳಿಗ್ಗೆಯೇ ಅಂಗಡಿಗೆ ಹೋದಳು. ಅವನ ತಾಯಿ ಬಸವಣ್ಣೆಮ್ಮ ನೆಲದಲ್ಲಿ ಕೂತು ಬಟ್ಟೆಗೆ ಹಿತ್ತಾಳೆಯ ಉಂಗುರ ಬಡಿಯುತ್ತಿದ್ದರು; ಪಕ್ಕದಲ್ಲಿ ಅವನು ಬಟ್ಟೆ ಅಳೆಯುತ್ತಿದ್ದ.

“ಟೆಂಟ್ ಸೋರ್ತದೆ. ವಾಪಸ್ ತಗೊಳ್ಳಿ!”

ಬಸವಣ್ಣೆಮ್ಮ ಸುತ್ತಿಗೆ ಕೆಳಗಿಟ್ಟರು. “ಎಷ್ಟ ಸಲ ತೋಯ್ಸಿ ಒಣಗ್ಸಿದಿ, ಯವ್ವಾ?”

“ಎಂತ ತೋಯಿಸುದು?”

“ಹೊಸಾ ಕ್ಯಾನ್ವಾಸ್ ಮೊದಲ ಸೋರ್ತತಿ. ಸೂಜಿ ತೂತು ಇರ್ತಾವಲ್ಲ? ಎರಡ್ಮೂರು ಸಲ ನೀರು ಕುಡ್ಸಿ ಬಿಸಿಲಿಗೆ ಬಿಟ್ರ ನೂಲು ಉಬ್ಬಿ ಮುಚ್ಕೋತಾವು. ನಮ್ಮ ಹುಡುಗ ಗಿರಾಕಿಗೆ ಹೇಳೋ ಮೊದಲ್ನೇ ಮಾತ ಅದು.” ಮಗನ ಕಡೆ ತಿರುಗಿದರು. “ಏ ಲಿಂಗೇಶ, ಹದಿನೈದು ವರ್ಷದಾಗ ಒಬ್ಬರಿಗೂ ಹೇಳೋದ ಮರ್ತಿಲ್ಲಲ್ಲೋ!”

ಅವನ ಕಿವಿಗಳು ಕೆಂಪಾದವು. ಬಸವಣ್ಣೆಮ್ಮ ಅವನನ್ನು ನೋಡಿದರು, ಅವಳನ್ನು ನೋಡಿದರು, ಚಹಾ ಇಡುತ್ತೇನೆಂದು ಎದ್ದು ಒಳಗೆ ಹೋದರು.

“ಯಾಕೆ ಹೇಳ್ಲಿಲ್ಲ?”

“ನೀವು ಕೊನೇ ಪ್ರಶ್ನೆ ಅಂದ್ರಿ.” ಬಟ್ಟೆಯ ಅಂಚನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. “ಇನ್ನ ಮುಂದ ಬರಂಗಿಲ್ಲ ಅನ್ನೋದ ತಲ್ಯಾಗ ಕುಂತಿತ್ತು. ಬ್ಯಾರೆ ಏನೂ ನೆನಪಾಗ್ಲಿಲ್ರಿ.”

ಅವಳು ತನ್ನ ಕೋಪಕ್ಕಾಗಿ ತಡಕಾಡಿದಳು. ಸಿಗಲಿಲ್ಲ.

ಮೂರು ದಿನ ಅವನು ನೀಲಾಂಕರೈಗೆ ಬಂದ. ಇಬ್ಬರೂ ಸೇರಿ ಟೆಂಟನ್ನು ತೋಯಿಸಿದರು, ಒಣಗಿಸಿದರು, ಮತ್ತೆ ತೋಯಿಸಿದರು. ಶನಿವಾರ ಮಧ್ಯಾಹ್ನ ಅಣ್ಣ ಗೊಣಗುತ್ತಲೇ ಪೈಪು ಹಿಡಿದ. “ಒಂದು ಹನಿ ಬಿದ್ದರೂ ನಾನು ಕೇಳುವವ ಅಲ್ಲ.”

ಅವರಿಬ್ಬರು ಒಳಗೆ ನಿಂತರು. ಬಟ್ಟೆಯೊಳಗಿನಿಂದ ಇಳಿದ ಬಿಸಿಲು ಬೆಲ್ಲದ ಬಣ್ಣಕ್ಕಿತ್ತು.

“ಎರಡನೇ ಸಲ ಬಂದಾಗಲೇ ಟೆಂಟ್ ನಿಮ್ಮಲ್ಲೇ ಅಂತ ನಿಶ್ಚಯ ಆಗಿತ್ತು,” ಎಂದಳು ಮೆಲ್ಲಗೆ.

“ಮತ್ತ ಯಾಕ ಬಂದ್ರಿ ಅಷ್ಟು ಸಲ?”

“ಅದೇ ನಂಗೂ ಗೊತ್ತಾಗ್ತಿರ್ಲಿಲ್ಲ.”

“ಈಗ?”

ಅವಳು ಮೇಲೆ ನೋಡಿ, ಹೊಲಿಗೆ ಮುಟ್ಟಲು ಕೈ ಚಾಚಿದಳು. ಅವನು ತಟ್ಟನೆ ಆ ಕೈ ಹಿಡಿದ. “ಮುಟ್ಟಬ್ಯಾಡ್ರಿ. ಒದ್ದೀ ಬಟ್ಟಿಗೆ ಒಳಗಿಂದ ಬೆರಳು ತಾಗಿದ್ರ ಅಲ್ಲೇ ಸೋರ್ತತಿ.”

ಹೇಳಿ ಮುಗಿಸಿದ ಮೇಲೂ ಕೈ ಬಿಡಲಿಲ್ಲ. ಅವಳೂ ಎಳೆದುಕೊಳ್ಳಲಿಲ್ಲ.

“ಈಗ ಗೊತ್ತಾಯ್ತು,” ಎಂದಳು.

ಮೇಲೆ ನೀರು ಧೋ ಎಂದು ಸುರಿದು, ಇಳಿಜಾರಿನಲ್ಲಿ ಜಾರಿ, ಮರಳಿಗೆ ಬೀಳುತ್ತಿತ್ತು. ಒಳಗೆ ಒಂದು ಹನಿಯೂ ಇಲ್ಲ.

“ಸೋರ್ತದಾ?” ಹೊರಗಿನಿಂದ ಅಣ್ಣ ಕೂಗಿದ. “ಏ ಪ್ರಣಮ್ಯಾ, ಸೋರ್ತದಾ ಕೇಳಿದ್ದು!”

ಸಿದ್ಧಲಿಂಗೇಶ್ ಬಾಯಿ ತೆರೆದ. ಅವಳು ಇನ್ನೊಂದು ಕೈಯ ಬೆರಳನ್ನು ತುಟಿಗಿಟ್ಟು, ಬೇಡವೆಂದು ತಲೆಯಾಡಿಸಿದಳು.

ಅಣ್ಣ ನೀರು ಹೊಯ್ಯುತ್ತಲೇ ಇದ್ದ.